ಹೊಸ ಗೇಮ್ ಕನ್ಸೋಲ್ ಕೊಳ್ಳುವ ಮುನ್ನ: ಮಲೆನಾಡಿನ ಮನೆಗೆ ಹೊಂದುವ ಲೆಕ್ಕ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರು ಗೇಮ್ ಕನ್ಸೋಲ್ (ಟಿವಿಗೆ ಜೋಡಿಸಿ ಆಡುವ ಯಂತ್ರ) ಆರಿಸುವಾಗ ಟೆರಾಫ್ಲಾಪ್‌ನಿಂದ, ಅಂದರೆ ಚಿಪ್ಪಿನ ಗ್ರಾಫಿಕ್ಸ್ ಶಕ್ತಿಯ ಅಂಕಿಯಿಂದ, ಲೆಕ್ಕ ಶುರು ಮಾಡಬಾರದು. ನಮ್ಮಲ್ಲಿ ಲೆಕ್ಕ ಶುರುವಾಗಬೇಕಾದ್ದು ಇಂಟರ್‌ನೆಟ್ಟಿನಿಂದ ಮತ್ತು ಮೀಟರ್ ಬೋರ್ಡಿನಿಂದ. ಮನೆ ಎಷ್ಟು ತಡೆದೀತು ಎಂದು ತಿಳಿದ ಮೇಲೆ ಚಿಪ್ಪು, ಮೆಮೊರಿ ನೋಡಿದರೆ ಆಯ್ಕೆ ತಾನಾಗಿ ಸಣ್ಣದಾಗುತ್ತದೆ. ಮುಂದೆ ಬರಲಿರುವ ಯಂತ್ರಗಳಿಗೂ ಇದೇ ಕ್ರಮ.

ಮೊದಲು ನೆಟ್ ಅಳೆಯಿರಿ

ರಾತ್ರಿ ಎಂಟರಿಂದ ಹತ್ತರೊಳಗೆ, ಊರೆಲ್ಲ ಮೊಬೈಲ್ ನೋಡುವ ಹೊತ್ತಿನಲ್ಲಿ, ಮೂರು ದಿನ ಸ್ಪೀಡ್ ಟೆಸ್ಟ್ ಮಾಡಿ. ಬಂದದ್ದರಲ್ಲಿ ಕಡಿಮೆ ಅಂಕಿಯನ್ನೇ ಹಿಡಿಯಿರಿ. ಈಗಿನ ದೊಡ್ಡ ಆಟವೊಂದು ನೂರು ಜಿಬಿ ಆಸುಪಾಸು ಇರುವುದು ಮಾಮೂಲಿ. ಜಿಬಿಯನ್ನು 8,000ದಿಂದ ಗುಣಿಸಿ, ಸ್ಪೀಡ್ ಟೆಸ್ಟ್ ತೋರಿಸುವ ಎಂಬಿಪಿಎಸ್‌ನಿಂದ (ಸೆಕೆಂಡಿಗೆ ಎಷ್ಟು ಮೆಗಾಬಿಟ್ ಎಂಬ ಅಂಕಿ) ಭಾಗಿಸಿದರೆ ಎಷ್ಟು ಸೆಕೆಂಡು ಬೇಕೆಂದು ಸಿಗುತ್ತದೆ. 50 ಎಂಬಿಪಿಎಸ್ ಫೈಬರ್ ಇದ್ದರೆ 16,000 ಸೆಕೆಂಡು, ಅಂದರೆ ಸುಮಾರು ನಾಲ್ಕೂವರೆ ಗಂಟೆ. 8 ಎಂಬಿಪಿಎಸ್ ಬಂದರೆ ಸುಮಾರು 28 ಗಂಟೆ, ಅದೂ ಮಧ್ಯೆ ಕರೆಂಟು ಹೋಗದಿದ್ದರೆ. ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕಿನಲ್ಲಿ ಇದೇ ಆಟಕ್ಕೆ ಐವತ್ತು ದಿನ ಬೇಕು.

ಈ ಲೆಕ್ಕ ಬಂದ ಕೂಡಲೇ ಒಂದು ತೀರ್ಮಾನ ಆಗಿಬಿಡುತ್ತದೆ: ಫೈಬರ್ ಇಲ್ಲದ ಮನೆಗೆ ಡಿಸ್ಕ್ ಡ್ರೈವ್ ಇಲ್ಲದ ಕನ್ಸೋಲ್ ಬೇಡ. ಸೋನಿಯ ಪ್ಲೇಸ್ಟೇಷನ್ 5ರ (ಪಿಎಸ್ 5) ಡಿಸ್ಕಿನಲ್ಲಿ 100 ಜಿಬಿವರೆಗೆ ಮಾಹಿತಿ ಹಿಡಿಯುತ್ತದೆ. ಬಹುಪಾಲು ಆಟ ಡಿಸ್ಕಿನಿಂದಲೇ ಒಳಗೆ ನಕಲಾಗುತ್ತದೆ, ಅಪ್‌ಡೇಟ್ ಮಾತ್ರ ಇಳಿಸಿಕೊಳ್ಳಬೇಕು. ಮೈಕ್ರೊಸಾಫ್ಟಿನ ಎಕ್ಸ್‌ಬಾಕ್ಸ್‌ನ ಹಲವು ಡಿಸ್ಕುಗಳಲ್ಲಿ ಹಳೆಯ ಎಕ್ಸ್‌ಬಾಕ್ಸ್ ಒನ್ ಆವೃತ್ತಿ ಮಾತ್ರ ಇರುತ್ತದೆ. ಈಗಿನ ಎಕ್ಸ್‌ಬಾಕ್ಸ್ ಆದ ಸೀರೀಸ್ ಎಕ್ಸ್‌ನ ಆವೃತ್ತಿಯನ್ನು ಪೂರ್ತಿ ಡೌನ್‌ಲೋಡ್ ಮಾಡಬೇಕಾಗುತ್ತದೆ. ನಿಂಟೆಂಡೊ ಕಂಪನಿಯ ಸ್ವಿಚ್ 2ರಲ್ಲಿ ಇನ್ನೊಂದು ಎಡವಟ್ಟು ಇದೆ. ಕೆಲವು ಆಟಗಳು 'ಗೇಮ್ ಕೀ ಕಾರ್ಡ್' ರೂಪದಲ್ಲಿ ಬರುತ್ತವೆ. ಆ ಕಾರ್ಡಿನಲ್ಲಿ ಆಟ ಇರುವುದಿಲ್ಲ, ಬೀಗದ ಕೈ ಮಾತ್ರ ಇರುತ್ತದೆ. ಪೆಟ್ಟಿಗೆಯ ಮುಂಭಾಗದ ಕೆಳಗಡೆ ಅದನ್ನು ನಮೂದಿಸಿರುತ್ತಾರೆ, ದುಡ್ಡು ಕೊಡುವ ಮುಂಚೆ ಓದಿ.

ತೆಳು ಮಾದರಿಯ ಪಿಎಸ್ 5ಗೆ ಡಿಸ್ಕ್ ಡ್ರೈವನ್ನು ಆಮೇಲೆ ಬೇರೆಯಾಗಿ ತಂದು ಸಿಕ್ಕಿಸಬಹುದು. ಆದರೆ ಮೊದಲ ಸಲ ಜೋಡಿಸುವಾಗ ಇಂಟರ್‌ನೆಟ್ ಇರಲೇಬೇಕು. ಶಿವಮೊಗ್ಗದಲ್ಲಿ ಫೈಬರ್ ಇರುವ ನೆಂಟರ ಮನೆ ಇದ್ದರೆ ಆ ಕೆಲಸವನ್ನೂ ದೊಡ್ಡ ಡೌನ್‌ಲೋಡ್‌ಗಳನ್ನೂ ಅಲ್ಲೇ ಮುಗಿಸಿಕೊಂಡು ಬರುವುದು ಲೇಸು. ಇಳಿಸಿದ ಆಟವನ್ನು ಮತ್ತೆಂದೂ ಅಳಿಸಬೇಡಿ. ಜಾಗ ಸಾಲದಿದ್ದರೆ ಯುಎಸ್‌ಬಿ 3.0 ಹಾರ್ಡ್‌ಡಿಸ್ಕಿಗೆ ಸಾಗಿಸಿ. ಪಿಎಸ್ 5ರ ಆಟವನ್ನು ಅಲ್ಲಿಂದಲೇ ಆಡಲು ಬರುವುದಿಲ್ಲ, ಆದರೆ ಬೇಕಾದಾಗ ಒಳಗೆ ನಕಲು ಮಾಡಿಕೊಳ್ಳಬಹುದು.

ಮಳೆಗಾಲದಲ್ಲಿ ವಾರಗಟ್ಟಲೆ ನೆಟ್ ಹೋಗುವ ಊರಿನವರು ಇನ್ನೊಂದು ಸೆಟ್ಟಿಂಗ್ ನೋಡಿಕೊಳ್ಳಬೇಕು. ಡಿಜಿಟಲ್ ಆಗಿ ಕೊಂಡ ಆಟಗಳು ನೆಟ್ ಇಲ್ಲದೆಯೂ ತೆರೆಯಬೇಕಾದರೆ ಪಿಎಸ್ 5ರಲ್ಲಿ 'ಕನ್ಸೋಲ್ ಶೇರಿಂಗ್ ಅಂಡ್ ಆಫ್‌ಲೈನ್ ಪ್ಲೇ' ಆನ್ ಇರಬೇಕು. ಎಕ್ಸ್‌ಬಾಕ್ಸ್‌ನಲ್ಲಿ ಆ ಯಂತ್ರವನ್ನು 'ಹೋಮ್ ಎಕ್ಸ್‌ಬಾಕ್ಸ್' ಎಂದು ಗುರುತಿಸಿರಬೇಕು. ಮೇ ತಿಂಗಳಲ್ಲೇ ಒಮ್ಮೆ ರೂಟರ್ ಆಫ್ ಮಾಡಿ ಆಟ ತೆರೆಯುತ್ತದೆಯೇ ಎಂದು ಪರೀಕ್ಷಿಸಿಡಿ.

ಟಿವಿ ಹಿಂಭಾಗ ನೋಡಿ

ಇದು ಚಿಕ್ಕ ವಿಷಯ. 4ಕೆ ಚಿತ್ರ ಸೆಕೆಂಡಿಗೆ 120 ಫ್ರೇಮ್ ಬರಬೇಕಾದರೆ ಟಿವಿಯಲ್ಲಿ 120 ಹರ್ಟ್ಸ್ ಪ್ಯಾನೆಲ್ ಮತ್ತು ಎಚ್‌ಡಿಎಂಐ 2.1 (ಕನ್ಸೋಲಿನ ಚಿತ್ರ ಟಿವಿಗೆ ತರುವ ತಂತಿ ಸಿಕ್ಕಿಸುವ ಜಾಗ) ಎರಡೂ ಬೇಕು. ಎಚ್‌ಡಿಎಂಐ 2.0ರ 18 ಗಿಗಾಬಿಟ್ ದಾರಿಯಲ್ಲಿ 4ಕೆ 60 ಫ್ರೇಮ್ ದಾಟುತ್ತದೆ, ಅದಕ್ಕಿಂತ ಹೆಚ್ಚಿಲ್ಲ. ಕಡಿಮೆ ಬೆಲೆಯ 43 ಇಂಚಿನ 4ಕೆ ಟಿವಿಗಳು ಸಾಮಾನ್ಯವಾಗಿ 60 ಹರ್ಟ್ಸ್‌ನವು. ಮನೆಯಲ್ಲಿರುವುದು 1080ಪಿ ಟಿವಿಯಾದರೆ, ಅದನ್ನು ಬದಲಿಸುವ ಯೋಚನೆಯೂ ಇಲ್ಲದಿದ್ದರೆ, ದುಬಾರಿ ಮಾದರಿಯ ಹೆಚ್ಚುವರಿ ಶಕ್ತಿಯಲ್ಲಿ ದೊಡ್ಡ ಪಾಲು ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಟಿವಿಯ ಸೆಟ್ಟಿಂಗ್‌ನಲ್ಲಿ 'ಗೇಮ್ ಮೋಡ್' ಹಾಕುವುದನ್ನು ಮರೆಯಬೇಡಿ. ಗುಂಡಿ ಒತ್ತಿದ್ದಕ್ಕೂ ಪರದೆಯ ಮೇಲೆ ಕಾಣುವುದಕ್ಕೂ ನಡುವಿನ ತಡ ಅದರಿಂದ ಕಡಿಮೆಯಾಗುತ್ತದೆ.

ಅಂಕಿಗಳನ್ನು ನೀವೇ ಲೆಕ್ಕ ಹಾಕಿ

ಯಾವುದೇ ಹೊಸ ಕನ್ಸೋಲಿನ ವಿವರ ಪ್ರಕಟವಾದಾಗ ಜಾಹೀರಾತಿನ ದೊಡ್ಡ ಅಕ್ಷರ ಬಿಟ್ಟು ಎರಡು ಗುಣಾಕಾರ ಮಾಡಿ.

ಮೊದಲನೆಯದು ಗ್ರಾಫಿಕ್ಸ್ ಶಕ್ತಿ. ಎಎಂಡಿ ಕಂಪನಿಯ ಚಿಪ್ಪಾದರೆ ಕಂಪ್ಯೂಟ್ ಯೂನಿಟ್‌ಗಳ (ಚಿತ್ರದ ಲೆಕ್ಕ ಮಾಡುವ ಘಟಕಗಳು) ಸಂಖ್ಯೆಯನ್ನು 64ರಿಂದ, ಮತ್ತೆ 2ರಿಂದ, ಆಮೇಲೆ ಗಿಗಾಹರ್ಟ್ಸ್ ವೇಗದಿಂದ ಗುಣಿಸಿ, ಸಾವಿರದಿಂದ ಭಾಗಿಸಿ. ಪಿಎಸ್ 5ರಲ್ಲಿ 36 ಯೂನಿಟ್, 2.23 ಗಿಗಾಹರ್ಟ್ಸ್: 10.28 ಟೆರಾಫ್ಲಾಪ್. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ನಲ್ಲಿ 52 ಯೂನಿಟ್, 1.825 ಗಿಗಾಹರ್ಟ್ಸ್: 12.15. ಅದರ ಅಗ್ಗದ ತಮ್ಮ ಸೀರೀಸ್ ಎಸ್‌ನಲ್ಲಿ 20 ಯೂನಿಟ್, 1.565 ಗಿಗಾಹರ್ಟ್ಸ್: 4.

ಎರಡನೆಯದು ಮೆಮೊರಿ ವೇಗ. ಬಸ್ ಅಗಲವನ್ನು (ಚಿಪ್ಪಿಗೂ ಮೆಮೊರಿಗೂ ನಡುವಿನ ದಾರಿ ಎಷ್ಟು ಬಿಟ್ ಅಗಲ ಎಂಬುದು) ಒಂದು ಪಿನ್ನಿನ ವೇಗದಿಂದ ಗುಣಿಸಿ 8ರಿಂದ ಭಾಗಿಸಬೇಕು. ಪಿಎಸ್ 5: 256 ಬಿಟ್, 14 ಗಿಗಾಬಿಟ್, ಅಂದರೆ ಸೆಕೆಂಡಿಗೆ 448 ಜಿಬಿ. ಸೀರೀಸ್ ಎಕ್ಸ್: 320 ಬಿಟ್, ಅದೇ 14, ಅಂದರೆ 560 ಜಿಬಿ. ಆದರೆ ಅದರ 16 ಜಿಬಿಯಲ್ಲಿ 10 ಜಿಬಿಗೆ ಮಾತ್ರ ಈ ವೇಗ, ಉಳಿದ 6 ಜಿಬಿಗೆ 336.

ಈ ಎರಡನ್ನೂ ಒಟ್ಟಿಗೆ ಏಕೆ ನೋಡಬೇಕು ಎಂಬುದಕ್ಕೆ ಪಿಎಸ್ 5ರ ಹೆಚ್ಚು ಶಕ್ತಿಯ ಮಾದರಿಯಾದ ಪಿಎಸ್ 5 ಪ್ರೊಗಿಂತ ಒಳ್ಳೆಯ ಪಾಠ ಇಲ್ಲ. ಅದರಲ್ಲಿ 60 ಕಂಪ್ಯೂಟ್ ಯೂನಿಟ್, 16.7 ಟೆರಾಫ್ಲಾಪ್. ಯೂನಿಟ್‌ಗಳು ಶೇ. 67 ಹೆಚ್ಚಾದವು. ಮೆಮೊರಿ ಮಾತ್ರ 448ರಿಂದ 576ಕ್ಕೆ, ಶೇ. 28 ಏರಿತು. ಚಿತ್ರ ಬಿಡಿಸುವ ಕೆಲಸ ಶೇ. 45ರವರೆಗೆ ಚುರುಕಾಗುತ್ತದೆ ಎಂದು ಸೋನಿಯೇ ಹೇಳಿತು, 67 ಅನ್ನಲಿಲ್ಲ. ಅಡಿಕೆ ಸುಲಿಯುವವರನ್ನು ದುಪ್ಪಟ್ಟು ಮಾಡಿ ಗೊನೆ ತರುವ ಗಾಡಿ ಒಂದೇ ಇದ್ದರೆ ಕೆಲಸ ದುಪ್ಪಟ್ಟಾಗುವುದಿಲ್ಲ. ಇಲ್ಲೂ ಹಾಗೆಯೇ. ಪ್ರೊಸೆಸರ್ ಕೂಡ ಎಎಂಡಿಯ ಹಳೆಯ ಝೆನ್ 2 ತಲೆಮಾರಿನದೇ ಆದ್ದರಿಂದ, ಪ್ರೊಸೆಸರ್ ಸಾಲದೆ ಎಡವುವ ಆಟಗಳು ಪ್ರೊದಲ್ಲೂ ಬಹುಮಟ್ಟಿಗೆ ಅಲ್ಲೇ ಎಡವುತ್ತವೆ.

ಮೆಮೊರಿಯ ಗಾತ್ರವನ್ನೂ ಕಡೆಗಣಿಸಬೇಡಿ. ಸೀರೀಸ್ ಎಸ್‌ನಲ್ಲಿ ಇರುವುದು ಒಟ್ಟು 10 ಜಿಬಿ. ಬಾಲ್ಡರ್ಸ್ ಗೇಟ್ 3 ಆಟ 2023ರಲ್ಲಿ ಎಕ್ಸ್‌ಬಾಕ್ಸ್‌ಗೆ ತಡವಾಗಿ ಬಂತು. ಪರದೆ ಹಂಚಿಕೊಂಡು ಇಬ್ಬರು ಆಡುವ ಸೌಲಭ್ಯವನ್ನು ಸೀರೀಸ್ ಎಸ್‌ನಲ್ಲಿ ಬಿಟ್ಟೇ ಅದನ್ನು ಬಿಡುಗಡೆ ಮಾಡಬೇಕಾಯಿತು. ನಾಲ್ಕೈದು ವರ್ಷ ಇಟ್ಟುಕೊಳ್ಳುವ ಯಂತ್ರಕ್ಕೆ ವೇಗ ಕೊಂಚ ಕಡಿಮೆಯಿದ್ದರೂ ನಡೆದೀತು, ಮೆಮೊರಿ ಕಡಿಮೆಯಿದ್ದರೆ ನಡೆಯದು.

ಎನ್ವಿಡಿಯಾ ಚಿಪ್ಪಿನ ಸ್ವಿಚ್ 2ನ್ನು ಈ ತಕ್ಕಡಿಯಲ್ಲಿ ತೂಗಬೇಡಿ. 2025ರ ಜೂನ್ 5ರಂದು ಬಂದ ಈ ಯಂತ್ರ ಕೈಯಲ್ಲಿ ಹಿಡಿದು ಆಡಲು ಮಾಡಿದ್ದು. 7.9 ಇಂಚಿನ 1080ಪಿ ಪರದೆ, 120 ಹರ್ಟ್ಸ್, 12 ಜಿಬಿ ಮೆಮೊರಿ, 256 ಜಿಬಿ ಜಾಗ. ಡಿಎಲ್‌ಎಸ್‌ಎಸ್ ಎಂಬ ತಂತ್ರದಿಂದ ಸಣ್ಣ ಚಿತ್ರವನ್ನು ದೊಡ್ಡದು ಮಾಡಿ ತೋರಿಸುವುದರಲ್ಲಿ ಅದರ ಬಲ ಇದೆ. ಜಾಗ ಹೆಚ್ಚಿಸಲು ಮೈಕ್ರೊಎಸ್‌ಡಿ ಎಕ್ಸ್‌ಪ್ರೆಸ್ ಕಾರ್ಡೇ ಬೇಕು. ಮೊಬೈಲಿನ ಸಾದಾ ಮೈಕ್ರೊಎಸ್‌ಡಿ ಕಾರ್ಡ್ ಹಾಕಿದರೆ ಅದರಲ್ಲಿ ಆಟ ಕೂರುವುದಿಲ್ಲ.

ಮುಂದೆ ಬರುವವು

ವಾಲ್ವ್ ಕಂಪನಿ 2025ರ ನವೆಂಬರ್‌ನಲ್ಲಿ ಘೋಷಿಸಿದ, ಕಂಪ್ಯೂಟರ್ ಆಟಗಳನ್ನು ಟಿವಿಯಲ್ಲಿ ಆಡಿಸುವ ಸ್ಟೀಮ್ ಮಷೀನ್‌ನ ವಿವರ ಸ್ಪಷ್ಟವಾಗಿದೆ: ಆರು ಕೋರ್‌ನ ಝೆನ್ 4 ಪ್ರೊಸೆಸರ್, 28 ಕಂಪ್ಯೂಟ್ ಯೂನಿಟ್, 2.45 ಗಿಗಾಹರ್ಟ್ಸ್, 16 ಜಿಬಿ ಡಿಡಿಆರ್ 5 ಮೆಮೊರಿ, ಗ್ರಾಫಿಕ್ಸ್‌ಗೆಂದೇ ಬೇರೆ 8 ಜಿಬಿ, 512 ಜಿಬಿ ಅಥವಾ 2 ಟಿಬಿ ಜಾಗ. ಮೇಲಿನ ಗುಣಾಕಾರ ಹಾಕಿದರೆ 8.8 ಟೆರಾಫ್ಲಾಪ್ ಬರುತ್ತದೆ. ಇದರ ಆರ್‌ಡಿಎನ್‌ಎ 3 ತಲೆಮಾರಿನ ಗ್ರಾಫಿಕ್ಸ್ ಚಿಪ್ಪು ಕೆಲವು ಲೆಕ್ಕಗಳನ್ನು ಜೋಡಿಯಾಗಿ ಮಾಡಬಲ್ಲದು. ಅದನ್ನೇ ಹಿಡಿದು ಯಾರಾದರೂ 17.6 ಎಂದು ಬರೆದರೆ ಅದು ಕಾಗದದ ಮೇಲಿನ ದುಪ್ಪಟ್ಟು ಎಂದು ತಿಳಿಯಿರಿ. ಪ್ರೊಸೆಸರ್ ಈಗಿನ ಕನ್ಸೋಲುಗಳಿಗಿಂತ ಹೊಸದು. ಗ್ರಾಫಿಕ್ಸ್‌ನ 8 ಜಿಬಿಯೇ ಅದರ ದುರ್ಬಲ ಜಾಗ, 4ಕೆಯಲ್ಲಿ ಮೊದಲು ಸಾಲದಾಗುವುದು ಅದೇ. ಜೊತೆಗೆ ಅದು ಲಿನಕ್ಸ್ ಮೇಲೆ ನಡೆಯುತ್ತದೆ. ವಿಂಡೋಸ್‌ನ ಆಳಕ್ಕಿಳಿದು ಮೋಸ ಪತ್ತೆ ಮಾಡುವ ತಂತ್ರಾಂಶ ಬೇಡುವ ಕೆಲವು ಆನ್‌ಲೈನ್ ಆಟಗಳು ಅದರಲ್ಲಿ ತೆರೆಯುವುದಿಲ್ಲ. ನಿಮ್ಮ ಆಟ ಆ ಪಟ್ಟಿಯಲ್ಲಿದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಸೋನಿಯ ಮುಂದಿನ ಯಂತ್ರದ ಬಗ್ಗೆ ಕೈಗೆ ಸಿಗುವ ಗಟ್ಟಿ ಮಾತು 2025ರ ಅಕ್ಟೋಬರ್‌ನದು. ಪ್ಲೇಸ್ಟೇಷನ್ ವಿನ್ಯಾಸಕ ಮಾರ್ಕ್ ಸರ್ನಿ ಮತ್ತು ಎಎಂಡಿಯ ಜ್ಯಾಕ್ ಹ್ಯುಯಿನ್ ಒಟ್ಟಿಗೆ ಕೂತು ಮೂರು ಸಂಗತಿ ಹೇಳಿದರು. ಕಂಪ್ಯೂಟ್ ಯೂನಿಟ್‌ಗಳನ್ನು ಹೆಣೆದು ಎಐ ಲೆಕ್ಕಕ್ಕೆ ಒಂದೇ ಘಟಕದಂತೆ ದುಡಿಸುವ ನ್ಯೂರಲ್ ಅರೇ, ಬೆಳಕಿನ ಕಿರಣಗಳ ಜಾಡು ಹಿಡಿಯುವುದಕ್ಕೇ ಮೀಸಲಾದ ರೇಡಿಯನ್ಸ್ ಕೋರ್, ಮೆಮೊರಿಗೆ ಹೋಗುವ ಎಲ್ಲ ಮಾಹಿತಿಯನ್ನೂ ಕುಗ್ಗಿಸುವ ಯೂನಿವರ್ಸಲ್ ಕಂಪ್ರೆಷನ್. ಇವು ಆಗ ಇದ್ದದ್ದು ಕಂಪ್ಯೂಟರ್ ಅನುಕರಣೆಯಲ್ಲಿ ಮಾತ್ರ, ಇನ್ನು ಕೆಲವು ವರ್ಷಗಳಲ್ಲಿ ಬರುವ ಕನ್ಸೋಲ್‌ಗೆ ಎಂದು ಸರ್ನಿ ಹೇಳಿದರು. ಗಮನಿಸಿ: ಮೂರನೆಯದು ಪ್ರೊದಲ್ಲಿ ಕಂಡ ಮೆಮೊರಿಯ ಇಕ್ಕಟ್ಟಿಗೇ ಹುಡುಕಿದ ಮದ್ದು. ಮೈಕ್ರೊಸಾಫ್ಟ್ ಕೂಡ 2025ರ ಜೂನ್‌ನಲ್ಲಿ ಎಎಂಡಿ ಜೊತೆ ಬಹುವರ್ಷದ ಒಪ್ಪಂದ ಪ್ರಕಟಿಸಿತು. ಇದರಾಚೆ ಓಡಾಡುವ ಕೋರ್ ಸಂಖ್ಯೆ, ಬೆಲೆ, ತಾರೀಕುಗಳನ್ನು ಕಂಪನಿ ತಾನೇ ಹೇಳುವವರೆಗೆ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಕಾಯಬೇಕೇ? ಬೆಲೆ ಇಳಿಯಲಿ ಎಂದು ಕಾಯುವುದರಲ್ಲಿ ಈಗ ಅರ್ಥವಿಲ್ಲ. ಡಿಸ್ಕ್ ಇಲ್ಲದ ಪಿಎಸ್ 5 ಭಾರತಕ್ಕೆ 2021ರಲ್ಲಿ ಬಂದಾಗ 39,990 ರೂಪಾಯಿ ಇತ್ತು. ಅದರ ತೆಳು ಮಾದರಿ 2024ರಲ್ಲಿ 44,990ಕ್ಕೆ ಬಂತು. 2025ರ ಕೊನೆಯಿಂದ ಎಐ ಕೇಂದ್ರಗಳ ಬೇಡಿಕೆಯಿಂದಾಗಿ ಮೆಮೊರಿ ಚಿಪ್ಪುಗಳೇ ತುಟ್ಟಿಯಾಗಿವೆ. ಹೊಸ ತಲೆಮಾರು ಬಂದ ಮೇಲೂ ಹಳೆಯದಕ್ಕೆ ಆಟಗಳು ಒಮ್ಮೆಲೇ ನಿಲ್ಲುವುದಿಲ್ಲ. ಪಿಎಸ್ 5 ಬಂದು ಎರಡು ವರ್ಷವಾದ ಮೇಲೂ ಸೋನಿ ತನ್ನ ದೊಡ್ಡ ಆಟಗಳನ್ನು ಪಿಎಸ್ 4ಗೂ ಬಿಡುಗಡೆ ಮಾಡುತ್ತಿತ್ತು. ಈಗ ಏನೂ ಇಲ್ಲದವರು ಈಗಲೇ ಕೊಳ್ಳಲಿ. ಪಿಎಸ್ 5 ಇರುವವರು ಕಾಯಲಿ.

ಹೊಸದು ಪ್ರಕಟವಾದಾಗ ವೈಫೈ ಸಾಲನ್ನೂ ಓದಿ. ಪಿಎಸ್ 5 ಪ್ರೊ 2024ರ ನವೆಂಬರ್‌ನಲ್ಲಿ ಬಿಡುಗಡೆಯಾದಾಗ ಭಾರತಕ್ಕೆ ಬರಲಿಲ್ಲ. ಅದರ ವೈಫೈ 7 ಬಳಸುವ 6 ಗಿಗಾಹರ್ಟ್ಸ್ ತರಂಗಕ್ಕೆ ಇಲ್ಲಿ ಆಗ ಅನುಮತಿ ಇರಲಿಲ್ಲ. ಚಿಪ್ಪು ಎಷ್ಟೇ ಚೆನ್ನಾಗಿದ್ದರೂ ಇಂಥ ಒಂದು ಕಾರಣಕ್ಕೆ ಯಂತ್ರ ಇಲ್ಲಿ ವಾರಂಟಿ ಇಲ್ಲದ ಆಮದು ಮಾಲಾಗಿಬಿಡುತ್ತದೆ.

ಕರೆಂಟಿನ ಲೆಕ್ಕ

ಆಟದ ಹೊತ್ತಿನಲ್ಲಿ ಪಿಎಸ್ 5 ಸುಮಾರು 200 ವ್ಯಾಟ್ ಎಳೆಯುತ್ತದೆ. ಸೀರೀಸ್ ಎಕ್ಸ್ ಅದರ ಆಸುಪಾಸಿನಲ್ಲೇ ಇದೆ. ಸೀರೀಸ್ ಎಸ್ ಎಂಬತ್ತರ ಒಳಗೆ. ಸ್ವಿಚ್ 2ರ ಅಡಾಪ್ಟರ್ ಗರಿಷ್ಠ 60 ವ್ಯಾಟಿನದು, ಆಡುವಾಗ ಅದರ ಅರ್ಧವೂ ಬೇಕಾಗುವುದಿಲ್ಲ. ಟಿವಿಗೆ ನೂರು ಸೇರಿಸಿ. ಪಿಎಸ್ 5 ಮತ್ತು ಟಿವಿ ದಿನಕ್ಕೆ ಎರಡು ಗಂಟೆ ಓಡಿದರೆ ತಿಂಗಳಿಗೆ 18 ಯೂನಿಟ್. ಗೃಹಜ್ಯೋತಿಯಲ್ಲಿರುವ ಮನೆಯವರು ಹಿಂದಿನ ಬಿಲ್ಲು ತೆಗೆದು, ಈ 18 ಸೇರಿದರೆ ನಿಮಗೆ ನಿಗದಿಯಾದ ಮಿತಿ ಮೀರುತ್ತದೆಯೇ ನೋಡಿ. 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ಲು ಬರುತ್ತದೆ.

ಇನ್ವರ್ಟರ್ ಮೇಲೆ ಆಡುವುದಾದರೆ ಅದು ಸೈನ್ ವೇವ್ ಆಗಿರಲೇಬೇಕು. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಕನ್ಸೋಲಿನ ಪವರ್ ಸಪ್ಲೈ ಗುಂಯ್‌ಗುಡುತ್ತದೆ, ಬಿಸಿಯಾಗುತ್ತದೆ, ಬೇಗ ಕೆಡುತ್ತದೆ. 12 ವೋಲ್ಟ್, 150 ಎಎಚ್ ಬ್ಯಾಟರಿಯಲ್ಲಿ ಹೆಸರಿಗೆ 1,800 ವ್ಯಾಟ್ ಅವರ್ ಇದ್ದರೂ ಬ್ಯಾಟರಿ ಹಾಳಾಗದಂತೆ ತೆಗೆಯಬಹುದಾದದ್ದು ಅರ್ಧಕ್ಕಿಂತ ತುಸು ಹೆಚ್ಚು. ಇನ್ವರ್ಟರಿನ ನಷ್ಟ ಕಳೆದರೆ 900 ಉಳಿಯುತ್ತದೆ. 300 ವ್ಯಾಟಿಗೆ ಮೂರು ಗಂಟೆ, ಅದೂ ಮನೆಯ ದೀಪ ಫ್ಯಾನು ಬಿಟ್ಟು. ಬ್ಯಾಟರಿ ಮೂರು ವರ್ಷ ಹಳೆಯದಾದರೆ ಒಂದೂವರೆ ಗಂಟೆ ಅಂದುಕೊಳ್ಳಿ.

ಇನ್ವರ್ಟರ್ ಹಿಂದೆ 'ಯುಪಿಎಸ್' ಎಂಬ ಸ್ವಿಚ್ಚಿದ್ದರೆ ಅದರ ಗುಣ ತಿಳಿದಿರಬೇಕು. ಯುಪಿಎಸ್ ಕಡೆಗೆ ಹಾಕಿದರೆ ಕರೆಂಟು ಹೋದಾಗ ಹತ್ತಿಪ್ಪತ್ತು ಮಿಲಿಸೆಕೆಂಡಿನಲ್ಲಿ ಬ್ಯಾಟರಿಗೆ ಬದಲಾಗುತ್ತದೆ, ಆಟ ನಿಲ್ಲುವುದಿಲ್ಲ. ಆದರೆ ವೋಲ್ಟೇಜ್ 180ರ ಕೆಳಗೆ ಇಳಿದರೂ ಅದು ಬ್ಯಾಟರಿಗೇ ಹೋಗುತ್ತದೆ. ಬೇಸಿಗೆಯಲ್ಲಿ ತೋಟದ ಪಂಪುಗಳೆಲ್ಲ ಒಂದೇ ಟಿಸಿಯ ಮೇಲೆ ಓಡುವಾಗ ನಮ್ಮಲ್ಲಿ 170ಕ್ಕೆ ಇಳಿಯುವುದು ಅಪರೂಪವಲ್ಲ. ಆಗ ಕರೆಂಟು ಇದ್ದೂ ಬ್ಯಾಟರಿ ಖಾಲಿಯಾಗುತ್ತದೆ. ಫೆಬ್ರುವರಿಯಿಂದ ಮೇವರೆಗೆ ನಾರ್ಮಲ್, ಮಳೆ ಹಿಡಿದ ಮೇಲೆ ಯುಪಿಎಸ್ ಎಂದು ಬದಲಿಸಿಕೊಂಡರೆ ಸರಿ.

ಕನ್ಸೋಲನ್ನು 'ರೆಸ್ಟ್ ಮೋಡ್'ನಲ್ಲಿ ಮಲಗಿಸಿಡುವ ಅಭ್ಯಾಸ ಇಲ್ಲಿ ಬೇಡ, ಪೂರ್ತಿ ಆಫ್ ಮಾಡಿ. ಮಲಗಿದ ಯಂತ್ರಕ್ಕೆ ಕರೆಂಟು ಹೋದರೆ ಮುಂದಿನ ಸಲ 'ಸರಿಯಾಗಿ ಆಫ್ ಆಗಿಲ್ಲ' ಎಂದು ತೋರಿಸಿ ಹೊರಗಿನ ಡಿಸ್ಕ್ ಪರೀಕ್ಷೆಗೆ ಕೂರುತ್ತದೆ. ಆ ಹೊತ್ತಿನಲ್ಲಿ ಯಂತ್ರ ಡಿಸ್ಕಿಗೆ ಮಾಹಿತಿ ಬರೆಯುತ್ತಿದ್ದರೆ ಸೇವ್ ಕಡತವೂ ಕೆಡಬಹುದು. ಸದಾ ಬೆಚ್ಚಗಿರುವ ಪೆಟ್ಟಿಗೆ ಇರುವೆ, ಜಿರಳೆಗಳಿಗೂ ಇಷ್ಟ.

ಸಿಡಿಲು ಬರುವ ದಾರಿಗಳು

ಏಪ್ರಿಲ್, ಮೇ ತಿಂಗಳ ಸಂಜೆಯ ಗುಡುಗಿನಲ್ಲಿ ಕನ್ಸೋಲ್ ಸುಡುವುದು ಪ್ಲಗ್ಗಿನಿಂದ ಮಾತ್ರ ಅಲ್ಲ. ಡಿಶ್ ಕೇಬಲ್ಲಿನಿಂದ ಸೆಟ್‌ಟಾಪ್ ಬಾಕ್ಸಿಗೆ, ಅಲ್ಲಿಂದ ಟಿವಿಗೆ, ಟಿವಿಯಿಂದ ಎಚ್‌ಡಿಎಂಐ ಮೂಲಕ ಕನ್ಸೋಲಿಗೆ ಬರುತ್ತದೆ. ಆಗ ಕನ್ಸೋಲ್ ಆನ್ ಆಗುತ್ತದೆ, ದೀಪವೂ ಉರಿಯುತ್ತದೆ, ಚಿತ್ರ ಮಾತ್ರ ಬರುವುದಿಲ್ಲ. ಎಚ್‌ಡಿಎಂಐ ಚಿಪ್ಪು ಸತ್ತಿರುತ್ತದೆ. ಮೊದಲ ಗುಡುಗು ಕೇಳಿದಾಗಲೇ ಈ ಕ್ರಮದಲ್ಲಿ ಬಿಚ್ಚಿ:

1. ಆಟ ಸೇವ್ ಮಾಡಿ, ಕನ್ಸೋಲ್ ಮತ್ತು ಟಿವಿ ಎರಡನ್ನೂ ಪೂರ್ತಿ ಆಫ್ ಮಾಡಿ.
2. ಗೋಡೆಯ ಸ್ವಿಚ್ ಆರಿಸಿ, ಕನ್ಸೋಲ್, ಟಿವಿ, ಸೆಟ್‌ಟಾಪ್ ಬಾಕ್ಸ್, ಮೂರರ ಪ್ಲಗ್ಗನ್ನೂ ಕೀಳಿ. ಸ್ವಿಚ್ ಮಾತ್ರ ಆರಿಸಿದರೆ ನ್ಯೂಟ್ರಲ್ ತಂತಿ ಹಾಗೇ ಇರುತ್ತದೆ.
3. ಕನ್ಸೋಲ್ ಕಡೆಯ ಎಚ್‌ಡಿಎಂಐ ಕೀಳಿ.
4. ಲ್ಯಾನ್ ತಂತಿ ಇದ್ದರೆ ಅದನ್ನೂ ಕೀಳಿ. ಫೈಬರ್ ಗಾಜಿನ ಎಳೆ ಸಿಡಿಲನ್ನು ಒಯ್ಯದು, ಆದರೆ ಅದರ ಪೆಟ್ಟಿಗೆಗೆ ಕರೆಂಟು ಬರುವುದು ನಿಮ್ಮ ಬೋರ್ಡಿನಿಂದಲೇ.

ಮಿಂಚು ತಲೆಯ ಮೇಲೇ ಬಂದಿದ್ದರೆ ಕೈ ಹಾಕಬೇಡಿ, ತಂತಿ ಮುಟ್ಟದೆ ದೂರ ಇರಿ.

ಮತ್ತೆ ಜೋಡಿಸುವಾಗ ಎಲ್ಲವೂ ಆಫ್ ಇರುವಾಗಲೇ ಮೊದಲು ಎಚ್‌ಡಿಎಂಐ, ಆಮೇಲೆ ಪ್ಲಗ್. ಪಿಎಸ್ 5 ಮತ್ತು ಎಕ್ಸ್‌ಬಾಕ್ಸ್‌ಗಳ ಪವರ್ ತಂತಿ ಯಂತ್ರದ ಕಡೆ ಎರಡೇ ಪಿನ್ನಿನದು, ಅರ್ಥ್ ಇಲ್ಲ. ಹಾಗಾಗಿ ಕನ್ಸೋಲಿನ ಲೋಹದ ಭಾಗದಲ್ಲಿ ಸಣ್ಣ ಸೋರಿಕೆ ವೋಲ್ಟೇಜ್ ನಿಂತಿರುತ್ತದೆ, ಮುಟ್ಟಿದರೆ ಜುಂ ಅನ್ನುತ್ತದೆ. ಆನ್ ಇರುವಾಗ ಎಚ್‌ಡಿಎಂಐ ಸಿಕ್ಕಿಸಿದರೆ ಅದು ಆ ಚಿಪ್ಪಿನ ಮೂಲಕವೇ ಹರಿಯಬಹುದು.

ಸರ್ಜ್ ಪ್ರೊಟೆಕ್ಟರ್ ಕೊಂಡರೆ ಮುಗಿಯಿತು ಅನ್ನುವಂತಿಲ್ಲ. ಅದು ಹೆಚ್ಚುವರಿ ವೋಲ್ಟೇಜನ್ನು ಅರ್ಥಿಗೆ ದೂಡಬೇಕು, ಅರ್ಥ್ ಸರಿಯಿಲ್ಲದಿದ್ದರೆ ದೂಡಲು ಜಾಗವಿಲ್ಲ. ನಮ್ಮ ಜಂಬಿಟ್ಟಿಗೆ ನೆಲ ಮಾರ್ಚ್ ಹೊತ್ತಿಗೆ ಒಣಗಿ ಅರ್ಥಿಂಗ್ ದುರ್ಬಲವಾಗುತ್ತದೆ, ಸಿಡಿಲು ಬರುವುದೂ ಅದೇ ಕಾಲಕ್ಕೆ. ಅರ್ಥ್ ಗುಂಡಿಗೆ ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕಿ. ವೈರಿಂಗ್ ಕೆಲಸದವರು ಬಂದಾಗ ಮೀಟರ್ ಬೋರ್ಡಿನಲ್ಲಿ ಟೈಪ್ 2 ಎಸ್‌ಪಿಡಿ (ಇಡೀ ಮನೆಯ ಸರ್ಜ್ ತಡೆ) ಹಾಕಿಸಿ.

ಕೊಳ್ಳುವ ದಿನ

ಶಿವಮೊಗ್ಗದ ದುರ್ಗಿಗುಡಿ, ನೆಹರೂ ರಸ್ತೆಯ ಅಂಗಡಿಯಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ, ಪೆಟ್ಟಿಗೆಯ ಮೇಲೆ ಎಂಆರ್‌ಪಿ ಚೀಟಿ, ಭಾರತದ ಆಮದುದಾರರ ವಿಳಾಸ, ಬಿಐಎಸ್ ಗುರುತು ಇರಬೇಕು. ಜಿಎಸ್‌ಟಿ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿ. ಯಂತ್ರದ ಮೇಲಿನ ನಂಬರ್ ಜೊತೆ ಅಲ್ಲೇ ತಾಳೆ ನೋಡಿ. ನಿಂಟೆಂಡೊ ಭಾರತದಲ್ಲಿ ಅಧಿಕೃತವಾಗಿ ಮಾರುವುದಿಲ್ಲ, ಸಿಗುವುದೆಲ್ಲ ಆಮದು. ತುಂಬ ಅಗ್ಗವಾದ ಸ್ವಿಚ್ 2 ಕಂಡರೆ ಅದು ಜಪಾನಿನ ದೇಶೀಯ ಆವೃತ್ತಿಯೇ ನೋಡಿ. ಅದರಲ್ಲಿ ಜಪಾನಿ ಭಾಷೆ ಮಾತ್ರ ಇರುತ್ತದೆ, ಜಪಾನಿನ ಖಾತೆ ಮಾತ್ರ ನಡೆಯುತ್ತದೆ. 'ಮಲ್ಟಿ ಲ್ಯಾಂಗ್ವೇಜ್' ಎಂದು ಬರೆದದ್ದನ್ನೇ ತೆಗೆದುಕೊಳ್ಳಿ.

ಪಿಎಸ್ 5ಗೆ ಜಾಗ ಹೆಚ್ಚಿಸಲು ಒಳಗೆ ಕೂರಿಸುವ ಎಂ.2 ಎಸ್‌ಎಸ್‌ಡಿ ಪಿಸಿಐಇ ಜೆನ್ 4ನದಾಗಿರಬೇಕು, ಓದುವ ವೇಗ 5,500 ಎಂಬಿ ಅಥವಾ ಹೆಚ್ಚು, ಹೀಟ್‌ಸಿಂಕ್ (ಬಿಸಿ ಹೊರಹಾಕುವ ಲೋಹದ ಹೊದಿಕೆ) ಕಡ್ಡಾಯ, ಒಟ್ಟು ದಪ್ಪ 11.25 ಮಿ.ಮೀ. ಮೀರಬಾರದು. ಕಂಪ್ಯೂಟರಿಗೆಂದು ಮಾಡಿದ ದಪ್ಪ ಹೀಟ್‌ಸಿಂಕಿನವು ತಂದರೆ ಮುಚ್ಚಳ ಕೂರುವುದಿಲ್ಲ.

ಮಳೆಗಾಲ

ಆಗುಂಬೆಯ ಸುತ್ತ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಬೀಳುತ್ತದೆ. ಆರಿದ್ರಾದಿಂದ ಆಶ್ಲೇಷಾವರೆಗೆ ಗೋಡೆಯೇ ಬೆವರುತ್ತದೆ. ಆ ದಿನಗಳಲ್ಲಿ ಕನ್ಸೋಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅಟ್ಟಕ್ಕೆ ಹಾಕುವುದು ಅತ್ಯಂತ ಕೆಟ್ಟ ಉಪಾಯ. ಒಳಗಿನ ಥಂಡಿ ಹೊರಹೋಗದೆ ಬೋರ್ಡಿಗೆ ತುಕ್ಕು, ಡಿಸ್ಕ್ ಡ್ರೈವಿನ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ದಿನಾ ಅರ್ಧ ಗಂಟೆ ಓಡಿಸಿದರೆ ಯಂತ್ರ ತನ್ನ ಬಿಸಿಗೆ ತಾನೇ ಒಣಗುತ್ತದೆ. ಗೋಡೆಯಿಂದ ಹತ್ತು ಸೆಂ.ಮೀ. ದೂರ, ನೆಲದಿಂದ ಎತ್ತರದಲ್ಲಿ, ಒಲೆಯ ಹೊಗೆ ಬಾರದ ಕೋಣೆಯಲ್ಲಿಡಿ. ಹೊಗೆಯ ಮಸಿ ಧೂಳಿನ ಜೊತೆ ಸೇರಿ ಫ್ಯಾನಿಗೆ ಅಂಟಿದರೆ ಬ್ರಷ್ಷಿಗೂ ಬಿಡುವುದಿಲ್ಲ.

ಖಾಲಿ ಪೋರ್ಟುಗಳಿಗೆ ರಬ್ಬರ್ ಮುಚ್ಚಳ ಹಾಕಿ. ಕುಂಬಾರ ಹುಳ ಎಚ್‌ಡಿಎಂಐ ತೂತಿಗೂ ಮಣ್ಣು ಮೆತ್ತುತ್ತದೆ. ಮೆತ್ತಿದ್ದರೆ ಸೂಜಿ ಹಾಕಬೇಡಿ, ಒಳಗಿನ ಪಿನ್ನು ಬಾಗುತ್ತದೆ. ಪ್ಲಗ್ ಕಿತ್ತು, ಮರದ ಹಲ್ಲುಕಡ್ಡಿಯಿಂದ ಅಂಚಿನಿಂದ ಪುಡಿ ಮಾಡಿ ಕೆಳಮುಖವಾಗಿ ಹಿಡಿದು ಉದುರಿಸಿ. ಧೂಳಿಗೆ ಮೂರು ತಿಂಗಳಿಗೊಮ್ಮೆ ವ್ಯಾಕ್ಯೂಮ್ ಸಾಕು, ಪಿಎಸ್ 5ರ ಪಕ್ಕದ ಹಲಗೆ ತೆಗೆದರೆ ಧೂಳು ಕೂರುವ ಎರಡು ತೂತು ಕಾಣುತ್ತವೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ ಹಿಡಿಯಬೇಡಿ, ಟ್ಯಾಂಕಿನ ನೀರು, ಎಣ್ಣೆ ಒಳಗೆ ಹೋಗುತ್ತದೆ. ಅದಕ್ಕಿಂತ ಆಳಕ್ಕೆ ಬಿಚ್ಚಲು ಮೊಬೈಲ್ ರಿಪೇರಿಯವರಿಗೂ ಕೊಡಬೇಡಿ. ಪಿಎಸ್ 5ರ ಚಿಪ್ಪಿನ ಮೇಲಿರುವುದು ಪೇಸ್ಟ್ ಅಲ್ಲ, ಲಿಕ್ವಿಡ್ ಮೆಟಲ್. ಒಂದು ಹನಿ ಬೋರ್ಡಿನ ಮೇಲೆ ಜಾರಿದರೆ ಶಾರ್ಟ್ ಆಗಿ ಯಂತ್ರವೇ ಹೋಗುತ್ತದೆ.

ಮಳೆಯಲ್ಲಿ ಬಸ್ಸಿನಲ್ಲೋ ಬೈಕಿನಲ್ಲೋ ತಂದ ಕನ್ಸೋಲನ್ನು ತಕ್ಷಣ ಆನ್ ಮಾಡಬಾರದು. ತಣ್ಣಗಾದ ಲೋಹದ ಮೇಲೆ ಕೋಣೆಯ ಆವಿ ಹನಿಗಟ್ಟಿರುತ್ತದೆ. ಪೆಟ್ಟಿಗೆ ತೆರೆದು, ಫ್ಯಾನಿನ ಕೆಳಗೆ ಎರಡು ಗಂಟೆ ಬಿಟ್ಟು, ಆಮೇಲೆ ಪ್ಲಗ್ ಹಾಕಿ.